ಬೋಣಿಗೆಗೆ ಸಿಲುಕಿದ ಗೂಬೆ

ದಿನದ ಮೊದಲ ಗಿರಾಕಿಯನ್ನು ಬರಿಗೈಯಲ್ಲಿ ಕಳುಹಿಸಬಾರದೆಂಬುದು ಜಮೈಕಾದ ಉತ್ತರ ದಡದ ನಮ್ಮ ಬಂದರುಪೇಟೆಯಲ್ಲಿ ಕರಕುಶಲ ವಸ್ತುಗಳನ್ನು ಮಾರುವವರೆಲ್ಲ ಪಾಲಿಸುವ ವಿಧಿ. ಬೋಣಿಗೆಯನ್ನು ಮುರಿದರೆ ಆ ಗಿರಾಕಿಯ ಹಿಂದೆಯೇ ಅಂದಿನ ಅದೃಷ್ಟವೂ ಎದ್ದು ಹೋಗುತ್ತದೆಂದು ಎಲ್ಲರ ನಂಬಿಕೆ. ದೇವರ ಕೃಪೆಯೊಂದನ್ನುಳಿದು ಬೇರಾವ ಅದೃಷ್ಟವೂ ಇಲ್ಲವೆಂದು ಭಾನುವಾರ ಸಭೆಯ ಮುಂದೆ ನಿಂತು ಬೋಧಿಸುವವನು ನಾನು. ಸೋಮವಾರ ಬೆಳಿಗ್ಗೆ, ದೇವರ ವಾಕ್ಯಗಳನ್ನು ಕೊರೆದ ನನ್ನ ಮರದ ಹಲಗೆಗಳ ಮುಂದೆ ಕುಳಿತಾಗ, ಮೊದಲ ಗಿರಾಕಿಗೆ ನಾನೂ ಬೆಲೆ ಇಳಿಸಿಯಾದರೂ ಕೊಟ್ಟೇ ಕಳುಹಿಸುತ್ತೇನೆ. ಇವೆರಡಕ್ಕೂ ಸಮನ್ವಯ ಹೇಗೆಂದು ಬೈಬಲಿನ ಹಿರಿಯ ವ್ಯಾಖ್ಯಾನಕಾರರಲ್ಲಿ ಬಹಳ ಹುಡುಕಿದ್ದೇನೆ. ಅವರಲ್ಲಿ ಅಂಗಡಿ ಇಟ್ಟವರು ಯಾರೂ ಇದ್ದಂತಿಲ್ಲ.

ನನ್ನ ಎಡಗಡೆಯ ಅಂಗಡಿ ಮಿಸ್ ಇಸಿಲ್ಡಾಳದು. ಕಸೂತಿ ಹಾಕಿದ ಮೇಜುಬಟ್ಟೆಗಳು, ತಾಳೆಗರಿಯ ಚೀಲಗಳು, ಟೋಪಿಗಳು ಆಕೆಯ ಸರಕು. ತಮ್ಮಂದಿರನ್ನೂ ತಂಗಿಯರನ್ನೂ ಸಾಕಿ ದಡ ಸೇರಿಸುವಷ್ಟರಲ್ಲಿ ತನ್ನ ಮದುವೆಯ ಕಾಲ ದಾಟಿಹೋಯಿತೆಂದು ಆಕೆಯೇ ನಗುತ್ತ ಹೇಳುವುದುಂಟು. ಎದುರಿನ ಅಂಗಡಿಯಲ್ಲಿ, ನಾವೆಲ್ಲ ಗೌರವದಿಂದ ಮಾಸ್ ಎಗ್ಬರ್ಟ್ ಎಂದು ಕರೆಯುವ ವಿಧುರರು ಮರದಲ್ಲಿ ಸಿಂಹಗಳನ್ನೂ ಮೀನುಗಳನ್ನೂ ಕೆತ್ತುತ್ತಾರೆ. ಐದು ವರ್ಷಗಳ ಹಿಂದೆ, ಚರ್ಚಿನಲ್ಲಿ ಸುಗ್ಗಿಯ ಸ್ತೋತ್ರಾರಾಧನೆ ನಡೆದ ದಿನ, ಅವರು ಇಸಿಲ್ಡಾಳಿಗೆ ಒಂದು ಹಕ್ಕಿಯನ್ನು ಕೆತ್ತಿ ಕೊಟ್ಟರು. ಕೊಡುವಾಗ ಆಡಿದ್ದು ಒಂದೇ ಮಾತು: "ನಿಮ್ಮ ಬಟ್ಟೆ ಗಾಳಿಗೆ ಹಾರದೆ ಇರ್ಲಿ ಅಂತ." ಆಮೇಲೆ ಅವರು ಏನನ್ನೂ ಕೇಳಲಿಲ್ಲ, ಆಕೆಯೂ ಏನನ್ನೂ ಹೇಳಲಿಲ್ಲ.

ಅವರು ಕೆತ್ತಹೊರಟದ್ದು ಪಾರಿವಾಳವನ್ನು. ಆದರೆ ಅದು ನೀರಿಗೆ ಹಾಕಿದರೆ ಮುಳುಗುವಂಥ ಗಟ್ಟಿಮರ, ಉಳಿಯ ಮಾತನ್ನು ಸುಲಭವಾಗಿ ಕೇಳುವುದಲ್ಲ. ಕಣ್ಣುಗಳು ಬೇಕಾದುದಕ್ಕಿಂತ ದೊಡ್ಡವಾದವು, ಕತ್ತು ಭುಜದೊಳಗೆ ಹೂತುಹೋಯಿತು, ಕೊಕ್ಕು ಕೆಳಕ್ಕೆ ಬಾಗಿತು. ಸಂಕಲ್ಪದಲ್ಲಿ ಪಾರಿವಾಳ, ಸಿದ್ಧಿಯಲ್ಲಿ ಗೂಬೆ. ಗೂಬೆ ಕೂಗಿದರೆ ಸಾವಿನ ಸುದ್ದಿಗೆ ಕಿವಿಗೊಟ್ಟು ಕೂರುವ ದ್ವೀಪ ನಮ್ಮದು. ಇಸಿಲ್ಡಾ ಅದನ್ನು ಮೇಜುಬಟ್ಟೆಗಳ ಮೇಲೆ ಭಾರಕ್ಕಿಟ್ಟು, ಎದುರಿನವರಿಗೆ ಕೇಳಿಸುವಂತೆ ಆಗಾಗ ಹೇಳುತ್ತಿದ್ದಳು: "ಯಾರಾದ್ರೂ ಹುಚ್ಚರು ಕೇಳಿದ್ರೆ ಈ ಗೂಬೇನ ಆ ಗಳಿಗೇಲೇ ಕಟ್ಟಿ ಕೊಟ್ಬಿಡ್ತೀನಿ ನೋಡಿ."

ಎಗ್ಬರ್ಟ್ ಸಿಂಹದ ಕೇಸರವನ್ನು ಉಜ್ಜುತ್ತ ಸುಮ್ಮನೆ ನಗುತ್ತಿದ್ದರು. ಬೆಟ್ಟದ ಕಡೆಯ ಬಸ್ಸು ಹಿಡಿಯಲು ಅವರು ಬೇಗ ಹೊರಡುವವರಾದ್ದರಿಂದ, ಸಂಜೆ ಇಸಿಲ್ಡಾ ಅಂಗಡಿ ಮುಚ್ಚುವ ಪರಿಯನ್ನು ಕಂಡಿರಲಿಲ್ಲ. ಬಟ್ಟೆಗಳನ್ನೆಲ್ಲ ಚೀಲಕ್ಕೆ ತುರುಕುವ ಆಕೆ ಗೂಬೆಯನ್ನು ಮಾತ್ರ ಒರೆಸಿ, ಕೈಯಲ್ಲೇ ಹಿಡಿದು ಮನೆಗೊಯ್ಯುತ್ತಿದ್ದಳು. ನಾವು ಕಂಡೂ ಕಾಣದವರಂತೆ ಇರುತ್ತಿದ್ದೆವು.

ಅಂದು ಪ್ರವಾಸಿಗರ ಹಡಗು ಬಂದ ದಿನ. ಹಳದಿ ಟೋಪಿಯ ಒಬ್ಬ ಹೆಂಗಸು ಎಲ್ಲರಿಗಿಂತ ಮೊದಲು ಇಳಿದು ಬಂದಳು. ಬೆಳಗಿನ ವಂದನೆ ಹೇಳದೆ ಬೆಲೆ ಕೇಳುವವರನ್ನು ಬೋಣಿಗೆಯ ವಿಧಿಯಿಂದ ಹೊರಗಿಡಬಹುದೆಂದು ವಾದಿಸುವ ಪಂಥವೊಂದು ನಮ್ಮಲ್ಲಿದೆ. ಈಕೆ ಆ ಬಾಗಿಲನ್ನೂ ಮುಚ್ಚಿದಳು. ನಮ್ಮ ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಗುಡ್ ಮಾರ್ನಿಂಗ್ ಹೇಳಿ, ಇಸಿಲ್ಡಾಳ ಅಂಗಡಿಯ ಮುಂದೆ ನಿಂತು, ನೇರವಾಗಿ ಗೂಬೆಯನ್ನು ಎತ್ತಿಕೊಂಡಳು.

ಗೂಬೆ ಎದ್ದ ಕೂಡಲೇ ಸಮುದ್ರದ ಗಾಳಿಗೆ ಮೇಜುಬಟ್ಟೆಗಳೂ ಎದ್ದವು. ಒಂದು ನನ್ನ ಮುಖಕ್ಕೆ ಬಡಿಯಿತು. ಉಳಿದವು ದಾರಿಯನ್ನು ದಾಟಿ ಎಗ್ಬರ್ಟ್ ಅವರ ಸಿಂಹಗಳ ಮೇಲೆ ಹೊದಿಕೆಯಂತೆ ಇಳಿದವು.

"ಇದೆಷ್ಟು?" ಎಂದಳು ಗಿರಾಕಿ.

ಎದುರಿನ ಉಳಿಯ ಸದ್ದು ನಿಂತಿತು.

ಗೂಬೆಯನ್ನು ಮಾರಿದರೆ ಎಗ್ಬರ್ಟ್ ಅವರ ಐದು ವರ್ಷಗಳ ಮೌನಕ್ಕೆ ಉತ್ತರ ಸಿಕ್ಕಂತೆ, ಅವರು ಇನ್ನೆಂದೂ ಕೇಳುವುದಿಲ್ಲ. ಮಾರದಿದ್ದರೆ ಬೋಣಿಗೆ ಮುರಿದಂತೆ, ಅದೂ ಒಂದು ಗೂಬೆಗಾಗಿ. ಹಾಗೇಕೆ ಮುರಿದಳೆಂದು ಅಂಗಡಿಸಾಲಿನಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಇಸಿಲ್ಡಾ ನನ್ನ ಮುಖದ ಮೇಲಿನ ಬಟ್ಟೆಯನ್ನು ಎಳೆದು ಗಿರಾಕಿಯತ್ತ ಚಾಚಿದಳು.

"ಅಯ್ಯೋ, ಅದು ಭಾರಕ್ಕಿಟ್ಟಿದ್ದು ಮೇಡಂ. ಈ ಹೂವಿನ ಬಟ್ಟೆ ನೋಡಿ, ನಾನೇ ಹಾಕಿದ ಕಸೂತಿ."

"ಬಟ್ಟೆ ಚೆನ್ನಾಗಿದೆ. ಆದರೆ ಇದರ ಮುಖ ನೋಡಿ, ನಮ್ಮ ಚಿಕ್ಕಪ್ಪ ಮಧ್ಯಾಹ್ನದ ನಿದ್ದೆಯಿಂದ ಎದ್ದ ಹಾಗೇ ಇದೆ."

"ಗೂಬೆ ಮೇಡಂ ಅದು. ಮನೇಲಿಟ್ರೆ ಯಾರಾದ್ರೂ ಸಾಯ್ತಾರೆ."

"ನಮ್ಮ ಕಡೆ ಗೂಬೆ ಅಂದ್ರೆ ಬುದ್ಧಿವಂತ ಹಕ್ಕಿ."

"ಒಂದು ರೆಕ್ಕೆ ಉದ್ದ, ಇನ್ನೊಂದು ಗಿಡ್ಡ. ಕೆತ್ತಿದವರಿಗೆ ಅಳತೆನೇ ಗೊತ್ತಿಲ್ಲ."

"ಅದಕ್ಕೇ ನನಗಿಷ್ಟ ಆಗಿದ್ದು."

ನಿಂದೆಯೆಲ್ಲ ಗಿರಾಕಿಯ ಕಿವಿಗೆ ಸ್ತುತಿಯಾಗಿ, ಎಗ್ಬರ್ಟ್ ಅವರ ಕಿವಿಗೆ ನಿಂದೆಯಾಗಿಯೇ ತಲುಪುತ್ತಿತ್ತು. ನನ್ನ ಬಲಗಡೆ ಹುಣಿಸೆ ಉಂಡೆ ಮಾರುವ ಮಿಸ್ ವಷ್ಟಿ, ಹಡಗಿನವರಿಗೆ ಅರ್ಥವಾಗದ ನಮ್ಮ ಆಡುಮಾತಿನಲ್ಲಿ ಕೂಗಿದಳು: "ಕಟ್ಟಿಕೊಡೇ ಇಸಿಲ್ಡಾ. ಹುಚ್ಚರು ಕೇಳಿದ್ರೆ ಕೊಡ್ತೀನಿ ಅಂತಿದ್ಯಲ್ಲ, ಬಂದಿದ್ದಾರೆ ನೋಡು."

"ನಿನ್ನ ಉಂಡೆ ನೀನು ನೋಡ್ಕೊಳೇ," ಎಂದ ಇಸಿಲ್ಡಾ ಗಿರಾಕಿಯ ಕಡೆ ತಿರುಗಿ, ಹೆದರಿ ಓಡಲೆಂದು, "ಇನ್ನೂರು ಅಮೆರಿಕನ್ ಡಾಲರ್," ಎಂದಳು.

"ನೂರಕ್ಕೆ ಕೊಡ್ತೀರಾ?"

ಗಿರಾಕಿ ಓಡಲಿಲ್ಲ, ಇದು ಇನ್ನೂ ಕೆಟ್ಟದ್ದು. ಚೌಕಾಸಿ ಆರಂಭವಾಯಿತೆಂದರೆ ನಮ್ಮಲ್ಲಿ ಮಾರಾಟ ಅರ್ಧ ಮುಗಿದಂತೆ. ಇಸಿಲ್ಡಾ ನನ್ನತ್ತ ಬಾಗಿ ಪಿಸುಗುಟ್ಟಿದಳು. "ಉಪದೇಶಿಗಳೇ, ಏನಾದ್ರೂ ಒಂದು ದಾರಿ ಹೇಳಿ. ಅಷ್ಟೊಂದು ಓದಿದೀರಿ."

ನಾನು ಗಂಟಲು ಸರಿಪಡಿಸಿಕೊಂಡು, ಬೋಣಿಗೆಯ ವಿಧಿ ಮಾರಾಟದ ಸರಕಿಗೆ ಮಾತ್ರ ಅನ್ವಯಿಸುವುದೆಂದೂ ಅಂಗಡಿಯ ಉಪಕರಣಗಳಿಗೆ ಅನ್ವಯಿಸದೆಂದೂ, ಭಾರಕ್ಕಿಟ್ಟ ವಸ್ತು ಉಪಕರಣವೇ ಆಗಿರುವುದರಿಂದ ದೋಷವಿಲ್ಲವೆಂದೂ ನಿರೂಪಿಸಿದೆ.

"ಹೌದಾ?" ಎಂದಳು ವಷ್ಟಿ. "ಹೋದ ವರ್ಷ ಬೋಣಿಗೆ ಗಿರಾಕಿ ಕೇಳಿದ್ರು ಅಂತ ಇವಳು ತಾನು ಕೂತ್ಕೊಳ್ಳೋ ಸ್ಟೂಲನ್ನೇ ಮಾರಿ, ವಾರ ಪೂರ್ತಿ ನಿಂತ್ಕೊಂಡೇ ವ್ಯಾಪಾರ ಮಾಡಿದ್ಲಲ್ಲ. ಸ್ಟೂಲು ಏನು, ಕಸೂತಿ ಹಾಕಿದ್ದಾ?"

ಪೂರ್ವನಿದರ್ಶನದ ಮುಂದೆ ನನ್ನ ತರ್ಕ ನಿಲ್ಲಲಿಲ್ಲ. ಇಸಿಲ್ಡಾಳ ಸರಕಿನಿಂದ ಕೈಗೆ ಸಿಕ್ಕ ಟೋಪಿಯೊಂದನ್ನೆತ್ತಿ, ಇದನ್ನು ಈ ಕ್ಷಣವೇ ನಾನು ಕೊಳ್ಳುತ್ತೇನೆ, ಇದೇ ಬೋಣಿಗೆಯಾಗಲಿ ಎಂದೆ.

"ನಮ್ಮ ದುಡ್ಡು ನಮ್ಮಲ್ಲೇ ಸುತ್ತಿದ್ರೆ ಅದ್ಯಾವ ಬೋಣಿಗೆ?" ಎಂದಳು ವಷ್ಟಿ. "ಅದೂ ಅಲ್ದೆ ಅದು ಹೆಂಗಸರ ಟೋಪಿ, ಉಪದೇಶಿಗಳೇ."

ಅಷ್ಟರಲ್ಲಿ ಎಗ್ಬರ್ಟ್ ದಾರಿ ದಾಟಿ ಬಂದರು. ಹಾರಿಹೋಗಿದ್ದ ಬಟ್ಟೆಗಳನ್ನೆಲ್ಲ ಅಂಚಿಗೆ ಅಂಚು ಕೂಡಿಸಿ ಮಡಿಸಿ ತಂದಿದ್ದರು. ಅವನ್ನು ಹಲಗೆಯ ಮೇಲಿಟ್ಟು, ಇಸಿಲ್ಡಾಳತ್ತ ನೋಡದೆ ಗಿರಾಕಿಗೆ ಹೇಳಿದರು.

"ಇದನ್ನ ಕೆತ್ತಿದ್ದು ನಾನು ಮೇಡಂ. ನೂರೆಲ್ಲ ಜಾಸ್ತಿ ಆಯ್ತು, ಇಪ್ಪತ್ತು ಕೊಡಿ ಸಾಕು. ಮಿಸ್ ಇಸಿಲ್ಡಾಗೆ ಸಂಕೋಚ, ನನ್ನೆದುರಿಗೆ ಹೆಂಗೆ ಮಾರೋದು ಅಂತ. ನನಗೇನೂ ಬೇಜಾರಿಲ್ಲ." ಆಮೇಲೆ ಹಲಗೆಯನ್ನು ನೋಡುತ್ತಲೇ ಅಂದರು: "ಇಷ್ಟು ವರ್ಷ ಇಟ್ಕೊಂಡಿದ್ದೇ ದೊಡ್ಡದು. ಕಟ್ಟಿಕೊಡಿ."

ಇಸಿಲ್ಡಾ ಹಳೆಯ ಪತ್ರಿಕೆಯೊಂದನ್ನು ಹರಡಿದಳು. ಗಿರಾಕಿಯ ಕೈಯಿಂದ ಗೂಬೆಯನ್ನು ತೆಗೆದುಕೊಂಡು ಅದರ ಮೇಲಿಟ್ಟಳು. ಒಂದು ಮಗ್ಗುಲು ಮಡಿಸಿದಳು. ಇನ್ನೊಂದು ಮಗ್ಗುಲು ಮಡಿಸುವಾಗ ಆ ದೊಡ್ಡ ಕಣ್ಣುಗಳು ಕಾಗದದೊಳಗಿನಿಂದ ಆಕೆಯನ್ನೇ ನೋಡುತ್ತಿದ್ದಿರಬೇಕು. ಕೈ ನಿಂತಿತು.

"ಇಪ್ಪತ್ತಂತೆ," ಎಂದಳು ಮೆಲ್ಲಗೆ. ಬಳಿಕ ಗಟ್ಟಿಯಾಗಿ: "ನನ್ನ ಅಂಗಡೀಲಿ ಬೆಲೆ ಹೇಳೋಕೆ ನೀವ್ಯಾರು ಮಾಸ್ ಎಗ್ಬರ್ಟ್?"

"ನಾನು... ಸಹಾಯ ಆಗ್ಲಿ ಅಂತ..."

"ಸಹಾಯ ಮಾಡೋ ಮುಖ ನೋಡಿ." ಆಕೆ ಪತ್ರಿಕೆಯನ್ನು ಬಿಡಿಸಿ ಗೂಬೆಯನ್ನು ಎದೆಗವಚಿಕೊಂಡಳು. "ತಪ್ಪು ತಿಳ್ಕೋಬೇಡಿ ಮೇಡಂ. ಇದು ಮಾರೋದಲ್ಲ. ನಂದು ಇದು."

"ಬೋಣಿಗೆ ಕಣೇ," ಎಂದಳು ವಷ್ಟಿ. ಈ ಸಲ ಆಕೆಯ ದನಿಯಲ್ಲಿ ಕುಹಕವಿರಲಿಲ್ಲ, ನಿಜವಾದ ಆತಂಕವಿತ್ತು.

"ಗೊತ್ತು ಕಣೇ. ಹೋದ್ರೆ ಹೋಗ್ಲಿ."

ಎಗ್ಬರ್ಟ್ ತಮ್ಮ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ, ಮಡಿಸಿದ್ದ ಬಟ್ಟೆಯನ್ನೇ ಮತ್ತೆ ಬಿಡಿಸಿ ಮಡಿಸತೊಡಗಿದರು. ಹಳದಿ ಟೋಪಿಯವಳು ಅವರನ್ನು ನೋಡಿದಳು, ಆಕೆಯನ್ನು ನೋಡಿದಳು, ಗೂಬೆಯನ್ನು ನೋಡಿದಳು.

"ನಾನು ಏನನ್ನ ಕೊಳ್ಳೋಕೆ ಹೊರಟಿದ್ದೆ ಅಂತ ಈಗ ಗೊತ್ತಾಯ್ತು," ಎಂದಳು. "ಪುಣ್ಯ, ದುಡ್ಡು ಕೊಡಲಿಲ್ಲ."

ಆಕೆ ಎದುರಿನ ಅಂಗಡಿಗೆ ಹೋಗಿ, ಹಡಗು ಹೊರಡುವುದರೊಳಗೆ ಅಂಥದೇ ಇನ್ನೊಂದನ್ನು ಕೆತ್ತಿಕೊಡಬೇಕೆಂದಳು. ಎಗ್ಬರ್ಟ್ ಹಗುರವಾದ ಸೀಡರ್ ಮರದ ತುಂಡನ್ನು ತೆಗೆದುಕೊಂಡು ಕುಳಿತರು. ಆದರೆ ಅಂದು ಅವರ ಕೈಯಲ್ಲಿ ಗೂಬೆ ಬರಲೊಲ್ಲದು. ಎಷ್ಟು ಸಲ ಹಿಡಿದರೂ ನೀಳವಾದ ಕತ್ತಿನ, ಈಗಲೋ ಆಗಲೋ ಹಾರಿಬಿಡುವಂಥ ಪಾರಿವಾಳವೇ ಮೂಡಿತು. ಅದನ್ನು ಕಂಡು ಹಡಗಿನವರು ಮುತ್ತಿದರು. ಎಗ್ಬರ್ಟ್ ಅವರ ಸಿಂಹಗಳೂ ಮೀನುಗಳೂ ಖಾಲಿಯಾಗುತ್ತ ಬಂದವು. ಹಳದಿ ಟೋಪಿಯವಳು ಮಾತ್ರ ಒಂದು ಪಾರಿವಾಳವನ್ನು ಕೊಂಡು, "ಚಿಕ್ಕಪ್ಪನ ಹಾಗಿಲ್ಲ," ಎಂದು ನಿಟ್ಟುಸಿರು ಬಿಟ್ಟಳು.

ಇನ್ನು ಇಸಿಲ್ಡಾಳ ವ್ಯಾಪಾರ. ಸತ್ಯವನ್ನು ಹೇಳುವುದು ನನ್ನ ಕರ್ತವ್ಯವಾದ್ದರಿಂದ ಹೇಳುತ್ತೇನೆ: ಒಂದು ಕರವಸ್ತ್ರವೂ ಹೋಗಲಿಲ್ಲ. ಜನ ಆಕೆಯ ಅಂಗಡಿಯ ನೆರಳಿನಲ್ಲಿ ನಿಂತು, ಬೂಟಿನ ದಾರ ಕಟ್ಟಿಕೊಂಡು, ಎದುರಿಗೆ ನಡೆದುಬಿಡುತ್ತಿದ್ದರು. ವಷ್ಟಿ ಪ್ರತಿ ಸಲವೂ ನನ್ನ ಮುಖ ನೋಡುತ್ತಿದ್ದಳು. ಮುಂದಿನ ಭಾನುವಾರದ ಬೋಧನೆಗೆ ಬೇರೆ ವಿಷಯವನ್ನು ಆರಿಸಿಕೊಳ್ಳುವುದೇ ಲೇಸೆಂದು ನಾನು ತೀರ್ಮಾನಿಸಿದೆ.

ಹಡಗು ಹೋದ ಮೇಲೆ ಎಗ್ಬರ್ಟ್, ಹುರಿದ ಮೀನನ್ನೂ ಮರಗೆಣಸಿನ ರೊಟ್ಟಿಯನ್ನೂ ಕಾಗದದಲ್ಲಿ ಸುತ್ತಿಸಿಕೊಂಡು ಬಂದು, ಇಸಿಲ್ಡಾಳ ಮುಂದೆ ಇಟ್ಟರು.

"ನನ್ನ ಅದೃಷ್ಟ ಪೂರ್ತಿ ಬಾಚಿಕೊಂಡು, ಇದಿಷ್ಟೇನಾ ತಂದಿದ್ದು?" ಎಂದಳು ಆಕೆ ಪೊಟ್ಟಣ ಬಿಚ್ಚುತ್ತ.

"ಎರಡು ಮೀನಿದೆ. ಒಂದು ನಂದು."

"ಓಹೋ. ಇಲ್ಲೇ ಕೂತು ತಿನ್ನೋ ಯೋಚನೇನಾ?"

"ಬೇಡ ಅಂದ್ರೆ ಎದ್ದು ಹೋಗ್ತೀನಿ."

"ಇನ್ನೂ ಕೂತೇ ಇಲ್ಲ, ಏಳೋ ಮಾತು." ಆಕೆ ಬೆಂಚಿನ ಮೇಲಿನ ಚೀಲಗಳನ್ನು ಸರಿಸಿ ಜಾಗ ಮಾಡಿದಳು.

ಅವರು ಕುಳಿತರು. ರೊಟ್ಟಿಯನ್ನು ಮುರಿದರು. ತಿನ್ನದೆ ಅದನ್ನು ಕೈಯಲ್ಲೇ ಹಿಡಿದುಕೊಂಡು, ಬಹಳ ಹೊತ್ತು ಧೈರ್ಯ ಕೂಡಿಸಿಕೊಂಡಂತೆ ಕಂಡಿತು. ವಷ್ಟಿ ಉಂಡೆ ಕಟ್ಟುವುದನ್ನು ನಿಲ್ಲಿಸಿದಳು. ನಾನು ಹಲಗೆಯೊಂದರ ಧೂಳನ್ನು ಒರೆಸುವವನಂತೆ ಬಾಗಿದೆ.

"ಮಿಸ್ ಇಸಿಲ್ಡಾ, ಇಷ್ಟು ದಿನ ಹೇಳಿರ್ಲಿಲ್ಲ," ಎಂದರು ಎಗ್ಬರ್ಟ್. "ಅದು ಗೂಬೆ ಅಲ್ಲ. ಪಾರಿವಾಳ."

ಇಸಿಲ್ಡಾ ಮಡಿಲಲ್ಲಿದ್ದ ಹಕ್ಕಿಯನ್ನು ಎತ್ತಿ, ಬೆಳಕಿಗೆ ಹಿಡಿದು, ಮುಂದಿನಿಂದಲೂ ಮಗ್ಗುಲಿನಿಂದಲೂ ನೋಡಿದಳು.

"ನಿಮ್ಮ ಮೇಲೆ ನನಗೆಷ್ಟೇ ಪ್ರೀತಿ ಇದ್ರೂ ಸುಳ್ಳು ಹೇಳೋಕಾಗಲ್ಲ ಮಾಸ್ ಎಗ್ಬರ್ಟ್," ಎಂದಳು. "ಗೂಬೇನೇ. ಮುಳ್ಳು ನೋಡ್ಕೊಂಡು ತಿನ್ನಿ."