ಇಲ್ಲದ ಮಾವಿನ ಮರದಿಂದ ಎರಡು ಕ್ರಾಸ್ ಮೇಲೆ

ಶನಿವಾರ ಇಳಿಹೊತ್ತಾದರೂ ಬರಬೇಕಾದ ಚೆಲೆ ಬಂದಿರಲಿಲ್ಲ. ಬಿಳಿ ತೊಗಲಿನವನು ಯಾವ ದೇಶದವನೇ ಆಗಲಿ, ಮನಾಗುವಾ ಊರಿಗೆ ಅವನು ಚೆಲೆಯೇ. ದೊಮಿತಿಲಾ ರಾಯೊ ಹಿತ್ತಲಿನ ಒಲೆಗೆ ಸೌದೆ ನೂಕುತ್ತ, ಬಾಳೆಲೆಯಲ್ಲಿ ಕಟ್ಟಿದ ನಾಕತಮಾಲ್‌ಗಳನ್ನು ಹಂಡೆಗೆ ಇಳಿಬಿಡುತ್ತ, ನಡುನಡುವೆ ಬೀದಿ ಬಾಗಿಲಿಗೆ ಹೋಗಿ ಇಣುಕಿ ಬರುತ್ತಿದ್ದಳು. ಮೆಕ್ಕೆಜೋಳದ ಹಿಟ್ಟು, ಹಂದಿ ಮಾಂಸ, ಪುದೀನ ಎಲ್ಲ ಸೇರಿ ರಾತ್ರಿಯೆಲ್ಲ ಬೆಂದರೆ ಭಾನುವಾರ ಬೆಳಗಿನ ಕಾಫಿಗೆ ಹದವಾಗುತ್ತದೆ. ಆದರೆ ತಿನ್ನುವವನೇ ನಾಪತ್ತೆ.

"ಅತ್ತಿಗೇ, ಇಣುಕಿ ಇಣುಕಿ ಹೊಸ್ತಿಲು ಸವೀತು. ಬಂದು ಕೂತ್ಕೋ" ಎಂದಳು ನೊಎಲಿಯಾ. ದೊಮಿತಿಲಾಳ ತೀರಿಹೋದ ಗಂಡನ ತಂಗಿ. ಎಲೆ ಒರೆಸುವುದು ಅವಳ ಕೆಲಸ, ಅತ್ತಿಗೆಯ ಕಾಲೆಳೆಯುವುದು ಅವಳ ಖುಷಿ.

"ಊರಿಗೆ ಬಂದವನು ನೀರಿಗೆ ಬರ್ದೇ ಇರ್ತಾನಾ? ಫೋನಲ್ಲಿ ಬಿಡಿಸಿ ಬಿಡಿಸಿ ಹೇಳಿದೀನಿ."

"ಏನಂತ ಹೇಳ್ದೆ?"

"ಇನ್ನೇನಂತ ಹೇಳ್ತಾರೆ? ಮಾವಿನ ಮರ ಇದ್ದ ಜಾಗದಿಂದ ಎರಡು ಕ್ರಾಸ್ ಮೇಲೆ, ಅರ್ಧ ಕ್ರಾಸ್ ಕೆರೆ ಕಡೆಗೆ, ಹಸಿರು ಬಾಗಿಲು."

ಅದೇ ವಿಳಾಸಕ್ಕೆ ಗ್ಯಾಸಿನವನು ಬರುತ್ತಿದ್ದ, ಟಪಾಲು ಬರುತ್ತಿತ್ತು, ಮದುವೆಯ ಕರೆಯೋಲೆಗಳು ಬರುತ್ತಿದ್ದವು. ಬೀದಿಗೆ ಹೆಸರು, ಮನೆಗೆ ನಂಬರು ಇಟ್ಟುಕೊಂಡು ಆ ಬಡಾವಣೆಯಲ್ಲಿ ಯಾರೂ ಬಾಳಿದವರಲ್ಲ. ಮರವೇನೋ ದೊಡ್ಡ ಭೂಕಂಪದಲ್ಲಿ ಉರುಳಿತ್ತು. ನೊಎಲಿಯಾ ಅದನ್ನು ಕಣ್ಣಿಂದ ಕಂಡವಳೇ ಅಲ್ಲ. ಆದರೂ ಕತ್ತಲಲ್ಲಿ ಕೇಳಿದರೂ ಅದಿದ್ದ ಮೂಲೆಯನ್ನು ತೋರಿಸುತ್ತಿದ್ದಳು.

ಈ ಚೆಲೆಯ ಹಾದಿ ಕಾಯುವುದಕ್ಕೆ ಕಾರಣವಿತ್ತು. ಅವನು ಪ್ರವಾಸಿಗಳು ಬಗಲಲ್ಲಿ ಇಟ್ಟುಕೊಂಡು ತಿರುಗುವ ಕೈಪಿಡಿ ಬರೆಯುವವನು. ಎಲ್ಲಿ ಮಲಗಬಹುದು, ಎಲ್ಲಿ ಉಣ್ಣಬಹುದು, ಯಾವ ಬಸ್ಸು ಎಲ್ಲಿಗೆ ಹೋಗುತ್ತದೆ ಎಂದೆಲ್ಲ ಅದರಲ್ಲಿರುತ್ತದೆ. ದೊಮಿತಿಲಾ ಮುಂಭಾಗದ ಮೂರು ಕೋಣೆಗಳಿಗೆ ಸುಣ್ಣ ಬಳಿದು, ಸೊಳ್ಳೆ ಪರದೆ ಕಟ್ಟಿ, ಅತಿಥಿಗಳಿಗೆಂದು ಇಟ್ಟು ವರ್ಷವಾಗಿತ್ತು. ಬಂದವರೆಷ್ಟು ಎಂದು ಕೇಳಿದರೆ ಅವಳು ಮಾತು ಬದಲಿಸುತ್ತಿದ್ದಳು. ಮಳೆ ಹಿಡಿಯುವುದರೊಳಗೆ ಕೋಣೆಗಳು ತುಂಬದಿದ್ದರೆ ವೆಲ್ಡಿಂಗಿನವನಿಗೆ ಬಾಡಿಗೆಗೆ ಕೊಟ್ಟುಬಿಡುವುದೆಂದು ಮಾತಾಗಿತ್ತು. ಆಮೇಲೆ ಬೆಳಗಿನಿಂದ ಬೈಗಿನವರೆಗೆ ಕಬ್ಬಿಣದ ಕಿರುಚಾಟ. ಪುಸ್ತಕದಲ್ಲಿ ಮನೆಯ ಹೆಸರು ಬಂದರೆ ಮಾತ್ರ ಉಳಿಗಾಲ.

ಫೋನು ಕೂಗಿತು. ಎವರಿಸ್ತೊ ಪಿಕಾದೊ. ಅವನು ಅವಳ ಮಗನಿಗೆ ಜ್ಞಾನಸ್ನಾನದಲ್ಲಿ ಧರ್ಮಪಿತನಾಗಿ ನಿಂತವನು. ಬೆಟ್ಟದ ಕಡೆಯ ನೀರಿನ ಟ್ಯಾಂಕಿನ ಎದುರು ಅವನದೂ ಒಂದು ತಂಗುಮನೆ. ಅದು ಪುಸ್ತಕ ಸೇರಿ ಎಷ್ಟೋ ಕಾಲವಾಗಿತ್ತು.

"ದೋನ್ಯಾ ದೊಮಿತಿಲಾ, ನಿಮ್ಮ ಚೆಲೆ ಒಬ್ಬ ನನ್ನ ಜಗಲಿ ಮೇಲೆ ಕೂತು ಹುರಿದ ಬಾಳೆಕಾಯಿ ತಿಂತಾ ಇದಾನೆ. ಕಳಿಸ್ಲೋ, ಇಲ್ಲೇ ಇಟ್ಕೊಳ್ಲೋ?"

"ದೋನ್ ಎವರಿಸ್ತೊ, ಅವನಿಗೆ ಇನ್ನೊಂದು ತುಂಡು ಬಡಿಸಿದ್ರೆ ನಿಮ್ಮ ಕೈ ಮುರೀತೀನಿ."

ಅವಳು ಏಪ್ರನ್ನು ಬಿಚ್ಚದೆಯೇ ಹೊರಟಳು.

ಮಾತೆಯ್ ಎಂಬ ಆ ಉದ್ದನೆಯ ಮನುಷ್ಯ ಸ್ಲೊವೇನಿಯದವನಂತೆ. ಬಿಸಿಲಿಗೆ ಬೇಯಿಸಿದ ಏಡಿಯ ಬಣ್ಣಕ್ಕೆ ತಿರುಗಿದ್ದ. ಅವನ ಸ್ಪ್ಯಾನಿಷ್ ಪುಸ್ತಕದಿಂದ ಕಲಿತದ್ದು. ಇಸ್ತ್ರಿ ಹಾಕಿದ ಅಂಗಿಯ ಹಾಗೆ ಎಲ್ಲೂ ಸುಕ್ಕಿಲ್ಲ.

"ಕ್ಷಮಿಸಬೇಕು, ಅಮ್ಮನವರೇ. ತಾವು ಎರಡು ರಸ್ತೆ ಮೇಲೆ ಎಂದು ಹೇಳಿದಿರಿ. ಆದ್ದರಿಂದ ನಾನು ಮೇಲಕ್ಕೆ ಹತ್ತಿದೆನು. ನನ್ನ ಚೀಲವು ಭಾರವಾಗಿತ್ತು."

"ಅಯ್ಯೋ ನನ್ನ ರಾಜಾ! ಮೇಲೆ ಅಂದ್ರೆ ಸೂರ್ಯ ಮೇಲೇಳೋ ಕಡೆ. ಬೆಟ್ಟ ಹತ್ತಬೇಕಾಗಿದ್ರೆ ಬೆಟ್ಟದ ಕಡೆ ಅಂತಾನೇ ಹೇಳ್ತಿರಲಿಲ್ವಾ?"

"ಹಾಗಾದರೆ ಕೆಳಗೆ ಎಂದರೆ ಸೂರ್ಯ ಮುಳುಗುವ ಕಡೆಯೇ? ರಸ್ತೆಯು ಅಲ್ಲಿ ಏರುತ್ತಿದ್ದರೂ?"

"ರಸ್ತೆ ಏರಿದ್ರೆ ಸೂರ್ಯ ಅಲ್ಲೇ ಹುಟ್ತಾನಾ?"

ಎವರಿಸ್ತೊ ತೊಡೆ ತಟ್ಟಿ ನಕ್ಕ. ಮಾತೆಯ್ ನಗಲಿಲ್ಲ. "ಇನ್ನೊಂದು ವಿಷಯವಿದೆ. ಮಾವಿನ ಮರವೇ ಇಲ್ಲ. ಕೇಳಿದವರೆಲ್ಲರೂ ಬರಿಯ ಮೂಲೆಯನ್ನು ತೋರಿಸಿ, ಇದೇ ಮರ ಎಂದರು."

"ಸರಿಯಾಗೇ ತೋರಿಸಿದಾರಲ್ಲ ಮತ್ತೆ!"

ಮನೆಗೆ ಬಂದ ಮೇಲೆ ಅವನು ಕೋಣೆ ನೋಡಿದ, ಹಾಸಿಗೆ ಒತ್ತಿದ, ಹಿತ್ತಲ ಬಚ್ಚಲಲ್ಲಿ ನೀರು ಬಿಟ್ಟು ನೋಡಿದ. ಎಲ್ಲಕ್ಕೂ ತಲೆಯಾಡಿಸಿದ. ಕಾಫಿ ಕುಡಿಯುತ್ತ ಮಾತ್ರ ಮುಖ ಸಣ್ಣದು ಮಾಡಿದ.

"ಮನೆಯು ಬಹಳ ಚೆನ್ನಾಗಿದೆ. ಆದರೆ ನನ್ನ ಸಂಪಾದಕರದು ಒಂದೇ ನಿಯಮ. ಹೊಸಬನು ಓದಿಕೊಂಡು ನಡೆದು ಬರಲಾಗದ ಮನೆಯನ್ನು ನಾವು ಅಚ್ಚು ಮಾಡುವುದಿಲ್ಲ. ಇಲ್ಲದ ಮರದಿಂದ ಜನರನ್ನು ಹೇಗೆ ಹೊರಡಿಸಲಿ? ನಾಳೆ ಬೆಳಿಗ್ಗೆ ನಾನೇ ನಡೆದು ನೋಡುತ್ತೇನೆ. ದಾರಿಯನ್ನು ಬರೆಯಲಾದರೆ ಬರೆಯುತ್ತೇನೆ. ಆಗದಿದ್ದರೆ..." ಎಂದು ಕೈ ಚೆಲ್ಲಿದ.

ದೊಮಿತಿಲಾಳ ಎದೆಯಲ್ಲಿ ವೆಲ್ಡಿಂಗ್ ಯಂತ್ರ ಆಗಲೇ ಶುರುವಾಯಿತು.

ಬೆಳಿಗ್ಗೆ ಒಂದಲ್ಲ, ಎರಡು ನಾಕತಮಾಲ್ ತಿಂದು ಅವನು ಎದ್ದ. ಹಿಂದೆ ದೊಮಿತಿಲಾ, ಅವಳ ಹಿಂದೆ ನೊಎಲಿಯಾ. ಮಾವಿನ ಮರದ ಮೂಲೆಗೆ ಹೋಗುವುದರೊಳಗೆ ಎವರಿಸ್ತೊ ಅಲ್ಲಿ ಮಜಾ ನೋಡಲು ಹಾಜರಾಗಿದ್ದ.

"ಈ ಮೂಲೆಯಲ್ಲಿ ಮೊಬೈಲು ರಿಪೇರಿ ಅಂಗಡಿಯಿದೆ. ಅಲ್ಲಿಂದಲೇ ಬರೆಯಬಹುದಲ್ಲ?" ಎಂದ ಮಾತೆಯ್.

"ಬೇಡಪ್ಪಾ" ಎಂದಳು ದೊಮಿತಿಲಾ. "ಹೋದ ವರ್ಷ ಅಲ್ಲಿ ಕೋಳಿ ಹುರೀತಿದ್ರು. ಅದಕ್ಕೂ ಮುಂಚೆ ಪಾದ್ರಿ ಒಬ್ಬ ಮೈಕು ಹಾಕ್ಕೊಂಡು ಪ್ರಾರ್ಥನೆ ಮಾಡಿಸ್ತಿದ್ದ. ನಿನ್ನ ಪುಸ್ತಕ ಅಚ್ಚಾಗೋದರೊಳಗೆ ಅಲ್ಲಿ ಇನ್ನೇನು ಇರುತ್ತೋ. ಇರೋದನ್ನ ನಂಬೋಕಾಗಲ್ಲ. ಹೋಗಿರೋದು ನೋಡು, ಅದು ಇನ್ನೆಲ್ಲಿಗೂ ಹೋಗಲ್ಲ."



"ಅದೂ ಅಲ್ದೆ ಮರ ಇದ್ದಿದ್ದು ಈ ಮೂಲೇಲಲ್ಲ" ಎಂದು ಎವರಿಸ್ತೊ ಬೆಂಕಿಗೆ ತುಪ್ಪ ಹೊಯ್ದ. "ಎದುರು ಮೂಲೇಲಿ."

"ನಿಮಗೆ ಕಣ್ಣಿನ ಪೊರೆ ಅಂತ ಗೊತ್ತಿತ್ತು, ತಲೆಗೂ ಬಂದಿದೆ ಅಂತ ಗೊತ್ತಿರ್ಲಿಲ್ಲ! ಆ ಮರದ ಕಾಯಿ ಕದ್ದು ನಮ್ಮಪ್ಪನ ಕೈಲಿ ಒದೆ ತಿಂದವಳು ನಾನು."

"ಕದಿಯುವಾಗ ನಿಮಗೆ ಕಾವಲು ನಿಂತವನು ನಾನು, ದೋನ್ಯಾ."

"ಕಾವಲು ನಿಂತಿದ್ರೆ ನಾನು ಸಿಕ್ಕಿಬೀಳ್ತಿದ್ನಾ? ನೀವು ಮೊದಲೇ ಓಡಿದ್ರಿ!"

ನೊಎಲಿಯಾ ಗೋಡೆಗೊರಗಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಮಾತೆಯ್ ಮಾತ್ರ ಇದಾವುದೂ ಬಗೆಹರಿಯದೆಂದು ತಿಳಿದು, ಫೋನು ಕೈಲಿ ಹಿಡಿದು ತಾನೇ ಸೂರ್ಯನ ಕಡೆಗೆ ನಡೆಯತೊಡಗಿದ. ಮೂವರೂ ಜಗಳ ಬಿಡದೆ ಹಿಂಬಾಲಿಸಿದರು. ಎರಡು ಕ್ರಾಸ್ ದಾಟಿ, ದೊಮಿತಿಲಾಳ ಮನೆಗೆ ತಿರುಗುವ ಮೂಲೆಯಲ್ಲಿ ಅವನು ನಿಂತ. ಇಲ್ಲಾದರೂ ಏನಾದರೂ ಗುರುತಿದ್ದರೆ ಫೋಟೊ ತೆಗೆಯೋಣವೆಂದು ಫೋನು ಎತ್ತಿ, ಮೂಲೆ ಪೂರ್ತಿ ಹಿಡಿಸಲಿ ಎಂದು ಒಂದು ಹೆಜ್ಜೆ ಹಿಂದಿಟ್ಟ. ಇನ್ನೊಂದು ಹೆಜ್ಜೆ ಹಿಂದಿಟ್ಟ.

"ಹಿಂದೆ ನೋಡೀ!" ಮೂವರೂ ಒಟ್ಟಿಗೆ ಕೂಗಿದರು. ಬಡಾವಣೆಯಲ್ಲಿ ಮೊದಲ ಬಾರಿಗೆ ಮೂವರದೂ ಒಂದೇ ಮಾತಾಗಿತ್ತು.

ತಡವಾಗಿತ್ತು. ಮೋರಿಯ ಕಬ್ಬಿಣದ ಮುಚ್ಚಳವನ್ನು ಗುಜರಿ ಆಸೆಗೆ ಯಾರೋ ಎತ್ತಿಕೊಂಡು ಹೋಗಿದ್ದರು. ಉದ್ದನೆಯ ಚೆಲೆ ಎದೆಮಟ್ಟ ಒಳಗಿಳಿದು, ಒಂದು ಕೈ ನೆಲಕ್ಕೂರಿ, ಇನ್ನೊಂದರಲ್ಲಿ ಫೋನನ್ನು ಮೇಲೆತ್ತಿ ಹಿಡಿದು ನಿಂತುಬಿಟ್ಟ. "ನಾನು ಬಿದ್ದಿರುತ್ತೇನೆ" ಎಂದ, ಅಷ್ಟೇ ಇಸ್ತ್ರಿ ಕೆಡದ ಸ್ವರದಲ್ಲಿ.

ಕಿಟಕಿಗಳು ತೆರೆದವು. ಪ್ರಾರ್ಥನೆಗೆ ಹೊರಟವರು ನಿಂತರು. ಕಾಯಿ ಮಾರುವವಳು ಗಾಡಿ ಬಿಟ್ಟು ಓಡಿಬಂದಳು. ಎವರಿಸ್ತೊ ಅವನ ಬಗಲಿಗೆ ಕೈಹಾಕಿ, ನಾಲ್ಕು ಜನ ಎವರಿಸ್ತೊನ ಸೊಂಟ ಹಿಡಿದು ಎಳೆದಾಗ ಚೆಲೆ ಮೇಲೆ ಬಂದ. ಕಣಕಾಲು ಊದಿಕೊಂಡಿತ್ತು. ಎವರಿಸ್ತೊ ಅವನನ್ನು ಟ್ಯಾಕ್ಸಿಗೆ ಹಾಕಿಕೊಂಡು ಆಸ್ಪತ್ರೆಗೆ ಹೋದ.

ದೊಮಿತಿಲಾ ಮನೆಗೆ ಬಂದು ಎಲೆಯ ರಾಶಿಯ ಮುಂದೆ ಕೂತಳು.

"ಬರೀತಾನೆ ಕಣೇ ಈಗ" ಎಂದಳು. "ಈ ಬೀದಿಗೆ ಕಾಲಿಡಬೇಡಿ ಅಂತ ದಪ್ಪ ಅಕ್ಷರದಲ್ಲಿ ಬರೀತಾನೆ."

ನೊಎಲಿಯಾ ಆ ಹೊತ್ತಿಗೆ ಚೇಷ್ಟೆ ಮಾಡಲಿಲ್ಲ. "ವೆಲ್ಡಿಂಗಿನವನು ಕಿವಿ ಹಾಳು ಮಾಡಿದ್ರೂ ಮನುಷ್ಯ ಒಳ್ಳೆಯವನು, ಅತ್ತಿಗೆ" ಎಂದಷ್ಟೇ ಹೇಳಿ ಅವಳಿಗೆ ಕಾಫಿ ಬಗ್ಗಿಸಿದಳು.

ಬಿಸಿಲು ಹಳದಿಯಾಗುವ ಹೊತ್ತಿಗೆ ಹಸಿರು ಬಾಗಿಲ ಮುಂದೆ ಟ್ಯಾಕ್ಸಿ ನಿಂತಿತು. ಮುಂದಿನ ಸೀಟಲ್ಲಿ ಎವರಿಸ್ತೊ, ಹಿಂದೆ ಕಾಲು ನೀಡಿಕೊಂಡ ಮಾತೆಯ್, ಕಾಲಿಗೆ ಬಿಳಿ ಪಟ್ಟಿ. ಡ್ರೈವರು ಬೆಳಗಿನವನಲ್ಲ, ಬೇರೆ ಯಾವನೋ. ಕಿಟಕಿಯಿಂದ ಕತ್ತು ಚಾಚಿ ಕೇಳಿದ: "ನನ್ನ ರಾಣೀ, ಚೆಲೆ ಬಿದ್ದ ಜಾಗದಿಂದ ಅರ್ಧ ಕ್ರಾಸ್ ಕೆರೆ ಕಡೆಗೆ, ಇದೇ ತಾನೇ?"

ದೊಮಿತಿಲಾ ಬಾಯಿ ಮೇಲೆ ಕೈಯಿಟ್ಟುಕೊಂಡಳು.

"ಆಸ್ಪತ್ರೆ ಬಾಗಿಲಲ್ಲಿ ನಾನು ಮಾವಿನ ಮರ, ಎರಡು ಮೇಲೆ, ಅರ್ಧ ಕೆರೆಗೆ ಎಂದೆಲ್ಲ ಸರಿಯಾಗಿ ಹೇಳಿದೆನು" ಎಂದ ಮಾತೆಯ್. ಅವನ ಏಡಿ ಮುಖದಲ್ಲಿ ನಗು ತಡೆಯಲಾಗದೆ ಹೊರಬರುತ್ತಿತ್ತು. "ಇವರು, ಸುಮ್ಮನೆ ಚೆಲೆ ಬಿದ್ದಲ್ಲಿ ಎನ್ನಬಾರದೇ, ಯಾಕೆ ಸುತ್ತಿ ಬಳಸುತ್ತೀರಿ ಎಂದು ನನ್ನನ್ನೇ ಬೈದರು. ನಾನೇ ಆ ಚೆಲೆ ಎಂದು ಇವರಿಗೆ ತಿಳಿದಿಲ್ಲ!"

"ನೀವೇನಾ?" ಡ್ರೈವರು ತಿರುಗಿ ನೋಡಿದ. "ಸತ್ತೇಹೋದ ಅಂದಿದ್ರಲ್ಲ?"

"ನಿಮ್ಮ ಬಡಾವಣೆ ದಾಟಿ, ಪೇಟೆ ದಾಟಿ, ಮಧ್ಯಾಹ್ನದೊಳಗೆ ಆಸ್ಪತ್ರೆ ಮುಟ್ಟಿದೆ ಈ ವಿಳಾಸ" ಎಂದ ಮಾತೆಯ್. "ಟ್ಯಾಕ್ಸಿಯವರೆಲ್ಲ ಬಲ್ಲ ದಾರಿಯನ್ನು ಸಂಪಾದಕರು ಬೇಡವೆನ್ನಲಾರರು. ಇದನ್ನೇ ಬರೆಯುತ್ತೇನೆ. ಆದರೆ ಮೇಲೆ ಎಂದರೆ ಪೂರ್ವ ಎಂಬುದನ್ನೂ ಬರೆಯುತ್ತೇನೆ. ಅದಕ್ಕೆ ದಪ್ಪ ಅಕ್ಷರ."

ದೊಮಿತಿಲಾ ಅವನ ಕೆನ್ನೆ ಹಿಂಡಿದಳು. ಎವರಿಸ್ತೊ ಇಳಿದು ಸೊಂಟ ನೆಟ್ಟಗೆ ಮಾಡಿಕೊಳ್ಳುತ್ತ, "ಎಳೆದವನಿಗೆ ಒಂದು ನಾಕತಮಾಲ್ ಇಲ್ವಾ?" ಎಂದ. ಇತ್ತು.

ಪುಸ್ತಕ ಬಂತು. ವೆಲ್ಡಿಂಗಿನವನು ಬೇರೆ ಜಾಗ ನೋಡಿಕೊಂಡ. ಮೂರು ಕೋಣೆಗಳಲ್ಲಿ ಒದ್ದೆ ಟವೆಲುಗಳು, ಚೀಲಗಳು, ಗೊತ್ತಿಲ್ಲದ ಭಾಷೆಯ ಗೊರಕೆಗಳು ತುಂಬಿದವು. ಮೋರಿಗೆ ಸಿಮೆಂಟು ಹಾಕಿ ಸಮ ಮಾಡಿದ ಮೇಲೂ ಟ್ಯಾಕ್ಸಿಗಳು ಅಲ್ಲಿ ತಪ್ಪದೆ ತಿರುಗುತ್ತಿದ್ದವು. ಬಂದವರು ಆ ಸಿಮೆಂಟಿನ ಫೋಟೊ ತೆಗೆದುಕೊಳ್ಳುತ್ತಿದ್ದರು.

ಒಂದು ದಿನ ಎವರಿಸ್ತೊ ತನ್ನ ತಂಗುಮನೆಗೆ ಹೊಸ ಬೋರ್ಡು ಬರೆಸಿದ. ತಲೆಯ ಮೇಲೆ ಬೀಳುವಂತಿರುವ ನೀರಿನ ಟ್ಯಾಂಕನ್ನು ಬಿಟ್ಟು, "ಚೆಲೆ ಬಿದ್ದ ಜಾಗದಿಂದ ಎರಡು ಕ್ರಾಸ್ ಕೆಳಗೆ, ಎರಡು ಬೆಟ್ಟದ ಕಡೆಗೆ" ಎಂದು ಹಾಕಿಸಿದ್ದ. ದೊಮಿತಿಲಾ ಏಪ್ರನ್ನಿನಲ್ಲೇ ಬೆಟ್ಟ ಹತ್ತಿ ಹೋಗಿ ಓದಿದಳು.

"ಚೆಲೆ ನಿಮಗೂ ಬೇಕಾದ್ನಾ, ದೋನ್ ಎವರಿಸ್ತೊ?"

"ಬೇಕು ಮತ್ತೆ. ಅವನನ್ನ ಎಳೆದವನು ನಾನು. ಅದಲ್ದೆ, ಅವನು ಬಿದ್ದಿದ್ದು ನಿಮ್ಮ ಮೂಲೇಲಲ್ಲ, ಎದುರು ಮೂಲೇಲಿ."

"ಎದುರು ಮೂಲೇಲಾ?" ದೊಮಿತಿಲಾ ಅವನ ಜಗಲಿಯ ಮೇಲೆ ಕಾಲು ನೀಡಿ ಕೂತಳು. "ಮೊದಲು ಒಂದು ಲೋಟ ಕಾಫಿ ತರಿಸಿ. ಆಮೇಲೆ ಹೇಳಿ, ಎಲ್ಲಿ ಬಿದ್ದ ಅಂದ್ರಿ?"