ಅಜ್ಜಿಯ ಟೇಪು

ಗಾಡಿ ನಾಲ್ಕಕ್ಕೆ ಬರುತ್ತದೆ ಎಂದು ಚಿಕ್ಕಪ್ಪ ಮೂರನೇ ಸಲ ಹೇಳಿಹೋದಾಗ ಗಂಟೆ ಒಂದೂ ಮುಕ್ಕಾಲು. ಮೊಮ್ಮಗಳು ಇನ್ನೂ ಕತ್ತರಿ ಎತ್ತಿರಲಿಲ್ಲ.

ಮುಂದೆ ಹೊಲಿಗೆ ಅಂಗಡಿ, ಹಿಂದೆ ಮನೆ. ಹಿಂದಿನ ಕೋಣೆಯಲ್ಲಿ ಅಜ್ಜಿಯನ್ನು ಮಲಗಿಸಿದ್ದರು. ತೊಂಬತ್ತೊಂದು ವರ್ಷ, ಬೆಳಿಗ್ಗೆ ಆರಕ್ಕೆ ಉಸಿರು ನಿಂತಿತ್ತು. ಅಂಗಡಿಯ ಮೇಜಿನ ಮೇಲೆ ಬೂದು ಬಣ್ಣದ ಬಟ್ಟೆ ಹರಡಿತ್ತು. ಮೂರು ವಾರದ ಹಿಂದೆ ಥಾನಿನ ಕೊನೆಯ ತುಂಡನ್ನು ಅಜ್ಜಿಯೇ ಅಳೆದು ಕತ್ತರಿಸಿ ಮಡಚಿಟ್ಟು ಮೊಮ್ಮಗಳಿಗೆ ಹೇಳಿದ್ದಳು.

"ಇದು ನನ್ನ ಕೊನೇ ನಿಲುವಂಗಿಗೆ. ಅಳತೆ ಪುಸ್ತಕದಲ್ಲಿದೆ. ನನ್ನನ್ನ ಮಲಗಿಸಿ ಅಳೀಬೇಡ, ಮಲಗಿದವರ ಅಳತೆ ಸುಳ್ಳು ಹೇಳುತ್ತೆ. ದೊಗಳೆ ಅಂಗಿ ಹಾಕಿ ಕಳಿಸಿದ್ಯೋ, ಎದ್ದು ಬರ್ತೀನಿ ನೋಡು."

ಗಿರಾಕಿಗಳ ಅಳತೆ ಬರೆಯುವ ಪುಸ್ತಕದಲ್ಲಿ ಅಜ್ಜಿಯ ಉದ್ದ ನಲವತ್ತೇಳು, ತೋಳು ಇಪ್ಪತ್ತೆರಡು. ಹೊಲಿಗೆಗೂ ಮಡಿಕೆಗೂ ನಾಲ್ಕು. ಒಟ್ಟು ಎಪ್ಪತ್ತಮೂರು ಇಂಚು ಬೇಕು. ಬಟ್ಟೆ ಇದ್ದದ್ದು ಎಪ್ಪತ್ತೊಂದು. ಮೊಮ್ಮಗಳು ತನ್ನ ಹೊಸ ಟೇಪು ಹಿಡಿದು ನಾಲ್ಕು ಸಲ ಅಳೆದಳು. ನಾಲ್ಕು ಸಲವೂ ಎಪ್ಪತ್ತೊಂದು.

ದೊಡ್ಡತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅಜ್ಜಿಯ ಹಿರಿಮಗಳು ಅವಳು. "ಇನ್ನೂ ಶುರು ಮಾಡಿಲ್ವೇನೇ?"

"ಬಟ್ಟೆ ಸಾಲ್ತಿಲ್ಲ ಅತ್ತೆ. ಎರಡು ಇಂಚು ಕಮ್ಮಿ."

"ತೋಳು ಗಿಡ್ಡ ಮಾಡು."

"ಅಜ್ಜಿಗಾ?"

ಇಪ್ಪತ್ತಮೂರನೇ ವಯಸ್ಸಿನಲ್ಲಿ ಇಸ್ತ್ರಿಪೆಟ್ಟಿಗೆಯ ಕೆಂಡ ಮೈಮೇಲೆ ಬಿದ್ದು ಅಜ್ಜಿಯ ಎಡಗೈ ಮಣಿಕಟ್ಟಿನಿಂದ ಮೊಣಕೈವರೆಗೆ ಸುಟ್ಟಿತ್ತು. ಆಮೇಲೆ ಆ ಕೈಯನ್ನು ಅವಳು ಹೊರಗಿನವರಿಗೆ ತೋರಿಸಿದ್ದಿಲ್ಲ. ಬಿರುಬಿಸಿಲಿನಲ್ಲೂ ಮಣಿಕಟ್ಟು ಮುಚ್ಚುವ ತೋಳು.

"ಹಾಗಾದ್ರೆ ಕೆಳಗೆ ಕತ್ತರಿಸು," ಎಂದ ಚಿಕ್ಕಪ್ಪ, ಒಳಗಿನಿಂದಲೇ. "ಪಾದದ ಹತ್ರ ಯಾರು ನೋಡ್ತಾರೆ?"

"ಅಜ್ಜಿ ನೋಡ್ತಾಳೆ."

"ಅಮ್ಮನಿಗೆ ವಯಸ್ಸಾಗಿತ್ತು ಮಾರಾಯ್ತಿ, ಲೆಕ್ಕ ತಪ್ಪಿರುತ್ತೆ. ಸಿಕ್ಕಿದ್ದರಲ್ಲಿ ಹೊಲಿದು ಮುಗಿಸು."

ಅದೇ ಮೊಮ್ಮಗಳಿಗೆ ನುಂಗಲಾಗದ ಮಾತು. ಎಪ್ಪತ್ತು ವರ್ಷ ಬಟ್ಟೆ ಕತ್ತರಿಸಿದ ಅಜ್ಜಿ ಒಂದು ಸಲವೂ ಕಮ್ಮಿ ಬಟ್ಟೆ ತಂದವಳಲ್ಲ. ಅವಳ ಕೊನೆಯ ಲೆಕ್ಕ ತಪ್ಪೆಂದು ಈ ಬಟ್ಟೆ ಸಾಕ್ಷಿ ಹೇಳಬೇಕೆ?

ಪುಸ್ತಕದಲ್ಲಿ ಅಜ್ಜಿಯದೂ ಒಂದು ಪುಟ. ತಲೆಬರಹ 'ನಾನು'. ವರ್ಷಕ್ಕೊಂದು ಸಾಲು. ಹೆರಿಗೆಯಾದ ನಾಲ್ಕು ವರ್ಷಗಳಲ್ಲಿ ಸೊಂಟದ ಅಂಕಿ ಏರಿತ್ತು. ನಲವತ್ತೊಂದನೇ ವಯಸ್ಸಿನ ಸಾಲಿನಲ್ಲಿ ಒಮ್ಮೆಲೇ ನಾಲ್ಕು ಇಂಚು ಇಳಿದಿತ್ತು. ಎರಡನೇ ಮಗ ತೀರಿಕೊಂಡ ವರ್ಷ ಅದು. ಬೇರೆ ಒಂದಕ್ಷರ ಇಲ್ಲ. ಶಾಲೆಯ ಮೆಟ್ಟಿಲು ಹತ್ತದವಳು ಅಂಕಿ ಕಲಿತದ್ದು ಟೇಪಿನಿಂದ, ಅಕ್ಷರ ಕಲಿತದ್ದು ಮಕ್ಕಳ ಪುಸ್ತಕದಿಂದ. ಭಾಗಾಕಾರ ಮಾತ್ರ ಕೊನೆಗೂ ಹತ್ತಲಿಲ್ಲ. ಎದೆಸುತ್ತಿನ ಕಾಲುಭಾಗ ಬೇಕಾದರೆ ಟೇಪನ್ನೇ ಎರಡು ಸಲ ಮಡಚುತ್ತಿದ್ದಳು.

ಮೊಮ್ಮಗಳ ಬೆರಳು ಪುಟದ ಮೇಲೆ ನಿಂತಿತು. ಎರಡು ಅಳತೆ. ಎರಡು ಇಂಚು ಕಮ್ಮಿ. ಒಂದೊಂದು ಅಳತೆಗೆ ಒಂದೊಂದು ಇಂಚು.

ಅಜ್ಜಿಯ ಟೇಪನ್ನು ಅವಳು ಒಮ್ಮೆಯೂ ಮುಟ್ಟಿರಲಿಲ್ಲ. ಅಳೆಯುವುದು, ಕತ್ತರಿಸುವುದು ಅಜ್ಜಿ. ಮಿಷನ್ ತುಳಿಯುವುದು ಅವಳು. ಟೇಪಿನ ತುದಿ ಯಾವಾಗಲೂ ಅಜ್ಜಿಯ ಹೆಬ್ಬೆರಳಿನಡಿ ಇರುತ್ತಿತ್ತು.

"ಅತ್ತೆ, ಅಜ್ಜಿ ಟೇಪು ಎಲ್ಲಿ?"

"ಇನ್ನೆಲ್ಲಿ? ಅವಳ ಕೊರಳಲ್ಲಿ. ಬೆಳಿಗ್ಗೆ ನಾನೇ ಹಾಕಿದೆ. ಅದು ಅವಳ ಜೊತೆ ಹೋಗುತ್ತೆ."

"ನನಗದು ಬೇಕು."

"ಏನಂದೆ?" ಅತ್ತೆಯ ದನಿ ಏರಿತು. ಒಳಗಿನ ಗುಸುಗುಸು ನಿಂತಿತು. "ಇದ್ದಾಗ ಮುಟ್ಟೋಕೆ ಬಿಡ್ಲಿಲ್ಲ ಅಂತ ಈಗ ಕಿತ್ಕೋತೀಯಾ? ನಾಚಿಕೆ ಆಗಲ್ವಾ?"

"ಕಿತ್ಕೊಳ್ಳಲ್ಲ, ವಾಪಸ್ ಹಾಕ್ತೀನಿ. ಒಂದು ಗಂಟೆ ಕೊಡಿ."

ಉತ್ತರಕ್ಕೆ ಕಾಯದೆ ಒಳಗೆ ನಡೆದಳು. ಗೋಡೆಗೊರಗಿ ಕುಳಿತಿದ್ದ ಹತ್ತು ಹನ್ನೆರಡು ಜನರ ಕಣ್ಣು ಅವಳ ಕೈಮೇಲೆ. ಅಜ್ಜಿಯ ಕತ್ತು ತಣ್ಣಗಿತ್ತು. ಟೇಪು ಕೂದಲಿಗೆ ಸಿಕ್ಕಿಕೊಂಡಿತ್ತು. ಜಗ್ಗದೆ, ಎಳೆ ಎಳೆಯಾಗಿ ಬಿಡಿಸಿದಳು. ಯಾರೋ "ಛೇ" ಎಂದರು. ಚಿಕ್ಕಪ್ಪ ಗಡಿಯಾರ ನೋಡಿಕೊಂಡ.

ಮೇಜಿನ ಬಳಿ ಟೇಪನ್ನು ಬೆಳಕಿಗೆ ಹಿಡಿದಳು. ತುದಿಯ ಹಿತ್ತಾಳೆ ಪಟ್ಟಿಯೇ ಇಲ್ಲ. ಹರಿದ ಕಡೆ ಅಂಚು ಮಡಚಿ, ಅಜ್ಜಿಯದೇ ಸಣ್ಣ ಟಾಕಿನ ಹೊಲಿಗೆ. ಅಲ್ಲಿಂದ ಶುರುವಾಗುವ ಮೊದಲ ಗೆರೆ ಒಂದು. ಉಕ್ಕಿನ ಅಡಿಪಟ್ಟಿಯನ್ನು ಅದರ ಪಕ್ಕಕ್ಕಿಟ್ಟಳು. ಪಟ್ಟಿಯ ಹನ್ನೆರಡು ಮುಗಿಯುವಲ್ಲಿ ಟೇಪು ಹದಿಮೂರು ತೋರಿಸಿತು.

"ಅತ್ತೆ, ಇಲ್ಲಿ ನೋಡಿ, ತುದಿಯ ಒಂದು ಇಂಚೇ ಇಲ್ಲ. ಮೈ ಅಳೆದದ್ದೂ ಇದರಲ್ಲೇ, ಬಟ್ಟೆ ಕತ್ತರಿಸಿದ್ದೂ ಇದರಲ್ಲೇ. ಅವಳ ಕೈಯಲ್ಲಿ ಯಾವತ್ತೂ ಸರಿಯಾಗಿತ್ತು. ತಪ್ಪಿದ್ದು ನನ್ನ ಹೊಸ ಟೇಪಿನಿಂದ."

ದೊಡ್ಡತ್ತೆ ಆ ಸಣ್ಣ ಟಾಕನ್ನು ಉಗುರಿನಿಂದ ಸವರಿದಳು. "ಹೊಸದು ತಗೊಳ್ಳಮ್ಮ ಅಂತ ಎಷ್ಟು ಬಡ್ಕೊಂಡೆ. ಇದಕ್ಕೇನಾಗಿದೆ ಅಂತಿದ್ಲು."

ಮೊಮ್ಮಗಳು ಹರಿದ ತುದಿಯನ್ನು ಹೆಬ್ಬೆರಳಿನಡಿ ಒತ್ತಿದಳು. ನಲವತ್ತೇಳಕ್ಕೆ ಗುರುತು, ಅಲ್ಲಿಂದ ಮಡಿಕೆ ಬಿಟ್ಟು ಇಪ್ಪತ್ತೆರಡಕ್ಕೆ ಇನ್ನೊಂದು. ಕೊನೆಯ ಗುರುತು ಬಟ್ಟೆಯ ಅಂಚಿಗೇ ಬಂದು ಕೂತಿತು. ಎದೆಸುತ್ತಿಗೆ ಟೇಪನ್ನು ಎರಡು ಸಲ ಮಡಚಿದಳು. ಎರಡೂಕಾಲಕ್ಕೆ ಕತ್ತರಿ ಹಾಕಿದಳು. ದೊಡ್ಡತ್ತೆ ಹೇಳಿಸಿಕೊಳ್ಳದೆ ಸೂಜಿಗೆ ನೂಲು ಪೋಣಿಸಿ ತೋಳಿನಂಚು ಹಿಡಿದಳು. ಮೊಮ್ಮಗಳು ಮಿಷನ್ ತುಳಿದಳು.

ಮೂರೂ ಮುಕ್ಕಾಲಕ್ಕೆ ಇಬ್ಬರೂ ಸೇರಿ ಅಜ್ಜಿಗೆ ಅಂಗಿ ತೊಡಿಸಿದರು. ದೊಡ್ಡತ್ತೆ ಭುಜದ ಹೊಲಿಗೆಯನ್ನು ಎರಡು ಬೆರಳಲ್ಲಿ ಹಿಡಿದು ಎಳೆದು ನೋಡಿದಳು, ಅಜ್ಜಿ ಗಿರಾಕಿಗಳ ಮೇಲೆ ನೋಡುತ್ತಿದ್ದ ಹಾಗೆ. ಎಲ್ಲೂ ದೊಗಳೆಯಿಲ್ಲ. ಎಡತೋಳು ಮಣಿಕಟ್ಟು ದಾಟಿ ನಿಂತಿತ್ತು.

ಹೊರಗೆ ಗಾಡಿಯ ಹಾರನ್ ಕೇಳಿಸಿತು. ಮೊಮ್ಮಗಳು ಟೇಪನ್ನು ಅಜ್ಜಿಯ ಕೊರಳಿಗೆ ಹಾಕಹೊರಟಾಗ ದೊಡ್ಡತ್ತೆ ಕೈ ಹಿಡಿದಳು.

"ಇಟ್ಕೋ ನೀನೇ. ಪುಸ್ತಕದ ತುಂಬ ಇದರದ್ದೇ ಅಳತೆ ಇದೆಯಲ್ಲ."

"ಬೇಡ ಅತ್ತೆ," ಎಂದು ಅವಳು ಟೇಪಿನ ಎರಡೂ ತುದಿ ಸರಿಮಾಡಿ ಅಜ್ಜಿಯ ಎದೆಯ ಮೇಲೆ ಬಿಟ್ಟಳು. "ನನಗೆ ಒಂದು ಕಳೆಯೋ ಲೆಕ್ಕ ಬರುತ್ತೆ."