ಆಣೆಯಿಟ್ಟು ಮುಗಿಸಿದ ಕೇಸು

ನನ್ನ ಮೊಮ್ಮಗಳು ಕವನಳಿಗೆ ಅರಣ್ಯ ಇಲಾಖೆಯಲ್ಲಿ ಗಾರ್ಡ್ ಕೆಲಸ ಹೆಚ್ಚುಕಡಿಮೆ ಆದಂತೆಯೇ ಇತ್ತು. ಪರೀಕ್ಷೆ, ಓಟ, ಡಾಕ್ಟರ ತಪಾಸಣೆ ಎಲ್ಲ ದಾಟಿದ್ದಳು. ಪೊಲೀಸರ ವಿಚಾರಣೆಯೂ ಮುಗಿಯಿತು. ಆರ್ಡರು ಬರುತ್ತದೆಂದು ಕಾದರೆ ನೋಟೀಸು ಬಂತು. ಕ್ರಿಮಿನಲ್ ಕೇಸು ಇದೆಯೇ ಎಂದು ಕೇಳಿದ ಕಡೆ ಇಲ್ಲ ಎಂದು ಬರೆದಿದ್ದೀರಿ, ಆದರೆ ಇದೆ; ನಿಮ್ಮ ಆಯ್ಕೆಯನ್ನು ಏಕೆ ರದ್ದು ಮಾಡಬಾರದು ಎಂದು ಅದರಲ್ಲಿತ್ತು.

ಯಾವ ಕೇಸು ಎಂದು ಮೊದಲು ನನಗೆ ಹೊಳೆಯಲೇ ಇಲ್ಲ. ಆಮೇಲೆ ನೆನಪಾಯಿತು. ನಮ್ಮೂರು ಕೈಲಾಂಚದಲ್ಲಿ ನಮ್ಮ ತೋಟದ ಪಕ್ಕ ಕೃಷ್ಣಪ್ಪನ ಹೊಲ. ಕವನ ಕಾಲೇಜು ಓದುತ್ತಿದ್ದಾಗ ಒಮ್ಮೆ ಅವನು ಅವರೆ ಗಿಡಕ್ಕೆ ಔಷಧಿ ಹೊಡೆದಿದ್ದ. ಗಾಳಿ ನಮ್ಮ ಹಿಪ್ಪುನೇರಳೆ ಮೇಲೆ ಬೀಸಿತು. ಆ ಸೊಪ್ಪು ತಿಂದು, ಇನ್ನೇನು ಗೂಡು ಕಟ್ಟಬೇಕಿದ್ದ ರೇಷ್ಮೆ ಹುಳುಗಳೆಲ್ಲ ಸತ್ತವು. ಸಿಟ್ಟಿನಲ್ಲಿ ಕವನ ಅವನ ಔಷಧಿ ಕ್ಯಾನು ಕಿತ್ತುಕೊಳ್ಳಲು ಹೋದಳು. ಅವನು ಬದುವಿನಿಂದ ಬಿದ್ದು ಕೈ ಮುರಿದುಕೊಂಡ. ಸ್ಟೇಷನ್ನಿನಲ್ಲಿ ನಮ್ಮೆಲ್ಲರ ಹೆಸರು ಬರೆಸಿದ.

ಊರ ಹಿರಿಯರು ಎರಡೂ ಮನೆಯವರನ್ನು ಕೆಂಗಲ್ ಹನುಮಂತರಾಯನ ಮುಂದೆ ನಿಲ್ಲಿಸಿದರು. ಕರ್ಪೂರ ಮುಟ್ಟಿ, ಇನ್ನು ಈ ಜಗಳದ ಮಾತೆತ್ತುವುದಿಲ್ಲ ಎಂದು ಆಣೆಯಿಟ್ಟೆವು. ಅಲ್ಲಿಗೆ ಮುಗಿಯಿತು; ಆಮೇಲೆ ಸ್ಟೇಷನ್ನಿನಿಂದಾಗಲಿ ಕೋರ್ಟಿನಿಂದಾಗಲಿ ನಮಗೆ ಯಾವ ಕಾಗದವೂ ಬರಲಿಲ್ಲ. ನಮ್ಮ ಕಡೆ ಹಾಗೆ ಮುಗಿದದ್ದು ಮುಗಿದಂತೆಯೇ. ಅವಳು ಇಲ್ಲ ಎಂದು ಬರೆದದ್ದು ಅದಕ್ಕೇ.

ನೋಟೀಸಿನ ಸುದ್ದಿ ಕೇಳಿ ಕೃಷ್ಣಪ್ಪನೇ ಓಡಿ ಬಂದ.

“ಮರಿಸ್ವಾಮಣ್ಣ, ತಲೆ ಕೆಡಿಸ್ಕೋಬ್ಯಾಡ. ಹುಡ್ಗಿ ಆವತ್ತು ಅಲ್ಲಿರ್ನೇ ಇಲ್ಲ, ಸಿಟ್ನಲ್ಲಿ ಹೆಸ್ರು ಸೇರಿಸ್ಬುಟ್ಟೆ ಅಂತ ಬರ್ಕೊಡ್ತೀನಿ.”

“ಮತ್ತೆ ನಿಮ್ ಕೈ ಯಾರ್ ಮುರುದ್ರು, ಮಾವ?” ಎಂದಳು ಕವನ.

“ನಿಮ್ತಾತ ಅಂತೀನಿ. ಈ ವಯಸ್ನಲ್ಲಿ ಅವನಿಗ್ಯಾವ ಗೌರ್ಮೆಂಟ್ ಕೆಲ್ಸ?”

ನನಗೂ ನಗು ಬಂತು. ಅವಳು ನಗಲಿಲ್ಲ. “ಒಂದು ಗೊತ್ತಿಲ್ದೆ ತಪ್ಪು ಬರ್ದೆ. ಇನ್ನೊಂದು ಗೊತ್ತಿದ್ದೂ ಬರೀಲಾ?”

“ಬರಿಯವ್ವ!” ಒಲೆಯ ಮುಂದಿನಿಂದ ಸೊಸೆ ಯಶೋಧಾ ರೇಗಿದಳು. “ಕೆಲ್ಸ ಹೋದ್ಮೇಲೆ ನಿನ್ ಸತ್ಯಕ್ಕೆ ಸೊಪ್ಪು ಹಾಕಿ ಸಾಕ್ತೀಯಾ?”

ಕವನ ನನ್ನ ಮುಖ ನೋಡಿದಳು. ಅವಳ ತಾಯಿ ಹೇಳಿದ್ದರಲ್ಲೂ ಸುಳ್ಳಿರಲಿಲ್ಲ. ಆದರೂ, “ಆದದ್ದನ್ನ ಆದಂಗೇ ಬರಿ ಮಗಾ” ಎಂದೆ. ಸೊಸೆ ಆ ದಿನ ನನ್ನ ತಟ್ಟೆಗೆ ಮುದ್ದೆ ಕುಕ್ಕಿ ಒಳಗೆ ಹೋದಳು.

ರಾಮನಗರದ ಅರಣ್ಯ ಇಲಾಖೆ ಕಚೇರಿಗೆ ಕವನ, ಕೃಷ್ಣಪ್ಪ, ನಾನು ಮೂವರೂ ಹೋದೆವು. ಸಾಹೇಬರು ನೋಟೀಸಿಗೆ ಅವಳು ಬರೆದ ಉತ್ತರವನ್ನು ಪೂರ್ತಿ ಓದಿದರು.

“ದೇವರ ಮುಂದೆ ರಾಜಿ ಆಯ್ತು, ಸರಿ. ಅದನ್ನ ಸ್ಟೇಷನ್ನಿಗೆ ಹೇಳಿದ್ದು ಯಾರು?”

“ಹೇಳ್ಬೇಕು ಅಂತ ನಮಗ್ಯಾರೂ ಹೇಳ್ನಿಲ್ಲ ಸಾಮಿ” ಎಂದ ಕೃಷ್ಣಪ್ಪ. “ದೂರು ಕೊಟ್ಟೋನು ನಾನೇ. ಬೇಡ ಅಂತಿರೋನೂ ನಾನೇ.”

“ನನಗೆ ಹೇಳಿದ್ರೆ ಆಗಲ್ಲಪ್ಪ. ಕೇಸು ಕೋರ್ಟಿನಲ್ಲಿದೆ. ಅಲ್ಲಿ ರಾಜಿಯಾಗಿ ಆದೇಶ ತನ್ನಿ. ಇದನ್ನು ಮೇಲಕ್ಕೆ ಕಳಿಸ್ತೀನಿ.”

“ಅಲ್ಲೀಗಂಟ ನನ್ನ ಜಾಗ ಇರ್ತದಾ ಸರ್?” ಎಂದಳು ಕವನ.

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಇರುತ್ತೆ ಅಂತ ನಾನು ಹೇಳಲಾರೆನಮ್ಮ. ಟ್ರೈನಿಂಗು ನಿಮಗಾಗಿ ಕಾಯಲ್ಲ.”

ಹೊರಗೆ ಬಂದು ಕವನ ಗೋಡೆಗೆ ಒರಗಿ ನಿಂತಳು. ಅಳುತ್ತಾಳೇನೋ ಎಂದುಕೊಂಡೆ. ಮುಖ ಒರೆಸಿಕೊಂಡು, “ಕೋರ್ಟು ಎಷ್ಟೊತ್ತಿಗೆ ಮುಚ್ತದೆ ಮಾವ?” ಎಂದಳು.

“ಗೊತ್ತಿಲ್ಲ ಕಣವ್ವ, ಬಾ” ಎಂದು ಕೃಷ್ಣಪ್ಪ ಪಂಚೆ ಎತ್ತಿ ಕಟ್ಟಿ ರಸ್ತೆಗಿಳಿದ.